ಬಲಕ್ಕೊಂದು ಸುತ್ತು, ಎಡಕ್ಕೊಂದು ಸುತ್ತು

ನಾನು ಎಕ್ಸ್‌ರೇ ತೆಗೆಯುವವಳು. ಶಿಡ್ಲಘಟ್ಟದ ಒಂದು ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ಊರವರ ಮೂಳೆಗಳನ್ನೇ ನೋಡುತ್ತಾ ಬಂದಿದ್ದೇನೆ. ಯಾವ ವಯಸ್ಸಿನವರು ಹೇಗೆ ಬಿದ್ದರೆ ಎಲ್ಲಿ ಬಿರುಕು ಬಿಡುತ್ತದೆ ಎನ್ನುವುದು ನನಗೆ ಬಾಯಿಪಾಠ. ಇಷ್ಟೆಲ್ಲ ಗೊತ್ತಿದ್ದೂ ನಲವತ್ತೇಳನೇ ವಯಸ್ಸಿನಲ್ಲಿ ಒಂದೊಂದು ಕಾಲಿಗೆ ನಾಲ್ಕು ನಾಲ್ಕು ಗಾಲಿ ಕಟ್ಟಿಕೊಂಡು, ಒಂಟಿ ಕಾಲಲ್ಲಿ ಸುತ್ತು ಹಾಕುವ ಪರೀಕ್ಷೆಗೆ ಹೋಗಿದ್ದೆ ಎಂದರೆ ನಮ್ಮ ಡಾಕ್ಟರು ಇವತ್ತಿಗೂ ನಗುತ್ತಾರೆ. "ಅಲ್ಲಮ್ಮಾ, ನೀವೇ ಬಿದ್ರೆ ಎಕ್ಸ್‌ರೇ ತೆಗೆಯೋರು ಯಾರು? ಮೊದಲೇ ಹೇಳಿ, ಇನ್ನೊಬ್ಬರಿಗೆ ಕಲಿಸಿ ಇಟ್ಕೋತೀನಿ" ಅಂತ.

ಶುರುವಾದದ್ದು ಮಗಳ ಸ್ಕೇಟಿಂಗ್ ಶೂಗಳಿಂದ. ಊರಿನ ಒಂದು ಶಾಲೆಯಲ್ಲಿ ಸುತ್ತ ಗೋಡೆ ಕಟ್ಟಿ ಮೇಲೆ ತಗಡು ಹೊದಿಸಿದ, ನಯವಾದ ಸಿಮೆಂಟು ನೆಲದ ಅಂಗಳವಿದೆ. ಅಲ್ಲಿಗೆ ಚಿಕ್ಕಬಳ್ಳಾಪುರದಿಂದ ವಾರಕ್ಕೆರಡು ದಿನ ಒಬ್ಬ ಹುಡುಗಿ ಬಂದು ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತಾಳೆ. ಓಟದ ಸ್ಕೇಟಿಂಗ್ ಅಲ್ಲ. ಕೈಚಾಚಿ, ಒಂಟಿ ಕಾಲಲ್ಲಿ ಜಾರುತ್ತಾ, ನೆಲದ ಮೇಲೆ ಕಾಲಿನಿಂದಲೇ ವೃತ್ತ ಬರೆಯುವಂಥದ್ದು. ನನ್ನ ಮಗಳು ಮೂರು ವರ್ಷ ಕಲಿತಳು. ಹತ್ತನೇ ಕ್ಲಾಸಿಗೆ ಬಂದ ಮೇಲೆ ಟ್ಯೂಷನ್ ಹೆಚ್ಚಾಗಿ ಬಿಟ್ಟುಬಿಟ್ಟಳು. ಯಾರಾದರೂ ಮಗುವಿಗೆ ಆಗಲಿ ಎಂದು ಶೂಗಳನ್ನು ಚೀಲಕ್ಕೆ ಹಾಕಿಕೊಂಡು ಒಂದು ಭಾನುವಾರ ಹೋದೆ. ಮೇಡಂ (ನನ್ನ ಅರ್ಧ ವಯಸ್ಸಿನವಳು, ಆದರೂ ಗುರು ಗುರುವೇ) ಶೂ ತಿರುಗಿಸಿ ನೋಡಿ ನನ್ನ ಕಾಲು ನೋಡಿದಳು.

"ಆಂಟಿ, ಇಷ್ಟು ದೊಡ್ಡ ಕಾಲಿನ ಮಕ್ಕಳು ನನ್ ಹತ್ರ ಇಲ್ಲ. ನಿಮಗೇ ಸರಿಯಾಗತ್ತೆ, ಹಾಕ್ಕೊಂಡು ನೋಡಿ."

ಹಾಕಿಕೊಂಡೆ. ಸರಿಯಾಗಿಯೇ ಆಯಿತು. ಕಂಬ ಹಿಡಿದು ಎದ್ದು ನಿಂತೆ. ಕಂಬ ಬಿಟ್ಟೆ. ನೆಲ ನನ್ನನ್ನು ಕೇಳದೆಯೇ ಮುಂದಕ್ಕೆ ಕರೆದುಕೊಂಡು ಹೊರಟಿತು. ನಾಲ್ಕು ಮಾರು ಹೋಗುವುದರಲ್ಲಿ ಎದುರಿನಿಂದ ಹದಿನೈದು ಮಕ್ಕಳು ಸಾಲಾಗಿ ನನ್ನ ಮೇಲೇ ಬರುತ್ತಿದ್ದರು.

"ಆಂಟೀ, ರಾಂಗ್ ಸೈಡು! ಆಂಟೀ, ರಾಂಗ್ ಸೈಡೂ!"

ಮಕ್ಕಳು ಎರಡು ಹೋಳಾಗಿ ಸೀಳಿಕೊಂಡು ನನ್ನ ಎರಡೂ ಬದಿಯಿಂದ ಹಾದುಹೋದರು. ನಾನು ಮುಂದಿನ ಕಂಬ ತಬ್ಬಿಕೊಂಡು ನಿಂತೆ. ಆಗ ತಿಳಿಯಿತು, ಅಂಗಳದಲ್ಲಿ ಎಲ್ಲರೂ ಎಡಕ್ಕೆ ತಿರುಗುತ್ತಾ ಸುತ್ತುತ್ತಿದ್ದರು. ನಾನೊಬ್ಬಳು ಬಲಕ್ಕೆ ಸುತ್ತುತ್ತಿದ್ದೆ. ಅದು ನನ್ನ ತಪ್ಪಲ್ಲ. ಕೆಂಚಾರ್ಲಹಳ್ಳಿಯ ನಮ್ಮಜ್ಜಿ ನನ್ನನ್ನು ಬೆಳೆಸಿದ್ದೇ ಹಾಗೆ. ತುಳಸಿಕಟ್ಟೆ ಸುತ್ತಲಿ, ಅರಳಿಮರ ಸುತ್ತಲಿ, ಗರ್ಭಗುಡಿ ಸುತ್ತಲಿ, ದೇವರು ನಮ್ಮ ಬಲಕ್ಕೇ ಇರಬೇಕು. ಎಡಕ್ಕೆ ಸುತ್ತುವುದು ಸಾವಿನ ಮನೆಯ ಕೆಲಸಕ್ಕೆ ಮಾತ್ರ. ಚಿಕ್ಕಂದಿನಲ್ಲಿ ಆಟಕ್ಕೆಂದು ಒಂದು ಸಲ ಎಡಕ್ಕೆ ತಿರುಗಿದ್ದಕ್ಕೆ ಅಜ್ಜಿ ಕಿವಿ ಹಿಂಡಿದ್ದರು. ಆ ಕಿವಿ ಇನ್ನೂ ಮರೆತಿರಲಿಲ್ಲ.

ಆದರೂ ಮುಂದಿನ ಭಾನುವಾರ ಹೋದೆ. ಅದರ ಮುಂದಿನದಕ್ಕೂ ಹೋದೆ. ಮೆಟ್ಟಿಲ ಮೇಲೆ ಕೂತು ಮಕ್ಕಳಿಗಾಗಿ ಕಾಯುತ್ತಿದ್ದ ತಾಯಂದಿರಿಗೆ ಕಾಲು ತುರಿಸತೊಡಗಿತು. ಮೂರು ತಿಂಗಳಲ್ಲಿ ನಾವು ಐವರಾದೆವು. ಅವರಲ್ಲಿ ನನಗೆ ಹತ್ತಿರದವಳು ನಮ್ಮ ಹಿಂದಿನ ಬೀದಿಯವಳು. ಅವರ ಮನೆಯವರದು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕೆಲಸ. ನನಗಿಂತ ಎರಡು ವರ್ಷ ಚಿಕ್ಕವಳು, ಬಾಯಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳು. ಮೇಡಂ ನಮಗೆಂದು ಮಕ್ಕಳ ಕ್ಲಾಸಿಗಿಂತ ಒಂದು ಗಂಟೆ ಮುಂಚೆ ಅಂಗಳ ತೆಗೆಸಿ ಬಾಗಿಲು ಹಾಕಿಸುತ್ತಿದ್ದಳು. ಒಳಗೆ ಹೆಂಗಸರು ಮಾತ್ರ. ಗೆಳತಿ ಬುರ್ಖಾ ಬಿಚ್ಚಿ ಕಿಟಕಿಯ ಸರಳಿಗೆ ನೇತುಹಾಕಿ, ದುಪಟ್ಟಾ ಸೊಂಟಕ್ಕೆ ಬಿಗಿದು ಇಳಿದಳೆಂದರೆ ಅವಳ ನಗು ತಗಡಿಗೆ ತಾಕಿ ವಾಪಸು ಬರುತ್ತಿತ್ತು. ಗಂಡಸರಿರುವ ಹೊತ್ತಿನಲ್ಲಿ ಅವಳು ಬರುವ ಹಾಗಿರಲಿಲ್ಲ. ಆ ಒಂದು ಗಂಟೆಯೇ ಅವಳ ಸ್ಕೇಟಿಂಗ್.

ಆ ಗಂಟೆಗೇ ಕುತ್ತು ಬಂತು. ಬೆಳಿಗ್ಗೆ ಆರಕ್ಕೆ ಬರುವುದು ಮೇಡಂಗೆ ಕಷ್ಟವಾಯಿತು, ಅಷ್ಟು ಹೊತ್ತಿಗೆ ಬಸ್ಸು ಸಿಗುತ್ತಿರಲಿಲ್ಲ. ಕೀಲಿ ನಮ್ಮ ಕೈಗೇ ಕೊಡಿ ಎಂದು ಹೆಡ್‌ಮಾಸ್ಟರ ಹತ್ತಿರ ಹೋದೆವು. ಅವರು ಕನ್ನಡಕ ಮೇಲಕ್ಕೆತ್ತಿ ಐವರನ್ನೂ ನೋಡಿದರು.

"ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ಯಾರಾದ್ರೂ ಬಿದ್ದು ಸೊಂಟ ಮುರ್ಕೊಂಡ್ರೆ ನಾಳೆ ನನ್ನನ್ನ ಕೇಳ್ತಾರೆ. ನಿಮ್ಮಲ್ಲಿ ಒಬ್ರಾದ್ರೂ ಮಕ್ಕಳು ಹೋಗ್ತಾರಲ್ಲ, ಆ ಸ್ಕೇಟಿಂಗ್ ಪರೀಕ್ಷೆ ಪಾಸು ಮಾಡಿರ್ಬೇಕು. ಮಾಡಿದ್ರೆ ಕೀಲಿ ಅವರ ಕೈಗೆ. ಇಲ್ಲಾಂದ್ರೆ ಬೆಳಗಿನ ಹೊತ್ತು ಯೋಗದವರು ಕೇಳ್ತಾವ್ರೆ, ಅವರಿಗೆ ಕೊಟ್ಬಿಡ್ತೀನಿ."

ಪರೀಕ್ಷೆಗೆ ಎರಡು ತಿಂಗಳಿತ್ತು, ಅಲ್ಲಿಯವರೆಗೆ ಹೇಗಾದರೂ ಬರುತ್ತೇನೆ ಎಂದು ಮೇಡಂ ಒಪ್ಪಿದಳು. ಅದು ತಪ್ಪಿದರೆ ಇನ್ನೊಂದು ವರ್ಷಕ್ಕೆ. ಐವರಲ್ಲಿ ಒಂಟಿ ಕಾಲಲ್ಲಿ ನಿಲ್ಲಬಲ್ಲವಳು ನಾನೊಬ್ಬಳೇ. ಗೆಳತಿ ಎರಡು ಕಾಲಲ್ಲಿ ನೀರಿನ ಹಾಗೆ ಹರಿಯುತ್ತಿದ್ದಳು. ಆದರೆ ಮಂಡಿ ಸವೆದಿತ್ತು, ಒಂದೇ ಕಾಲಿಗೆ ಭಾರ ಬಿಟ್ಟರೆ ಕೈಕೊಡುತ್ತಿತ್ತು. ಆ ಮಂಡಿಯ ಫಿಲ್ಮು ತೆಗೆದವಳೂ ನಾನೇ, ಹಾಗಾಗಿ ವಾದವಿಲ್ಲ.

"ಅಕ್ಕಾ, ನೀವೇ ಹೋಗ್ಬೇಕು" ಎಂದಳು. "ನೀವು ಫೇಲಾದ್ರೆ ನಾನು ಮನೇಲಿ ಕೂತು ಅವರೇಕಾಯಿ ಸುಲೀಬೇಕು, ಅಷ್ಟೇ."

ಪರೀಕ್ಷೆ ಕೇಳಲು ಸುಲಭ. ನೆಲದ ಮೇಲೆ ಒಂದಕ್ಕೊಂದು ತಾಕಿದ ಎರಡು ವೃತ್ತಗಳು, ಇಂಗ್ಲಿಷಿನ ಎಂಟರ ಹಾಗೆ. ನಡುವೆ ನಿಂತು, ಇನ್ನೊಂದು ಕಾಲಿನಿಂದ ನೆಲವನ್ನು ಒಮ್ಮೆ ತಳ್ಳಿ, ಬಲಗಾಲ ಮೇಲೆ ಬಲಕ್ಕೆ ಪೂರ್ತಿ ಸುತ್ತಿ ನಡುವಿಗೆ ಬರಬೇಕು. ಅಲ್ಲಿ ಕಾಲು ಬದಲಿಸಿ, ಎಡಗಾಲ ಮೇಲೆ ಎಡಕ್ಕೆ ಪೂರ್ತಿ ಸುತ್ತಬೇಕು. ಎತ್ತಿದ ಕಾಲು ನೆಲಕ್ಕೆ ತಾಕಬಾರದು. ತಾಕಿದರೆ ಇನ್ನೊಂದೇ ಅವಕಾಶ.

ಬಲದ ಸುತ್ತು ನನಗೆ ಹದಿನೈದು ದಿನದಲ್ಲಿ ಬಂತು. ಎಡದ್ದು ಬರಲೇ ಇಲ್ಲ. ಅರ್ಧಕ್ಕೆ ಹೋಗುವುದರಲ್ಲಿ ಮೈಯೆಲ್ಲ ಬಲಕ್ಕೆ ಹೊರಳಿ, ಕಣ್ಣು ಕಾಲಿನ ಮೇಲೆ ಬಿದ್ದು, ಟಪ್ ಅಂತ ಬಲಗಾಲು ನೆಲಕ್ಕೆ. ಮೇಡಂ ಹೇಳಿದ್ದು ಒಂದೇ ಮಾತು: "ಆಂಟಿ, ಕಾಲು ನೋಡ್ಬೇಡಿ. ವೃತ್ತದ ಒಳಗಡೆ ನೋಡಿ." ಎಡಕ್ಕೆ ನೋಡಲು ನನ್ನ ಕುತ್ತಿಗೆಯೇ ಒಪ್ಪುತ್ತಿರಲಿಲ್ಲ.

ಮನೆಯಲ್ಲಿ ಹಜಾರದ ನೆಲಕ್ಕೆ ಸೀಮೆಸುಣ್ಣದಲ್ಲಿ ವೃತ್ತ ಬರೆದು ಬರಿಗಾಲಲ್ಲಿ ಅಭ್ಯಾಸ ಮಾಡುತ್ತಿದ್ದೆ. ಒಂದು ಸಂಜೆ ಗೆಳತಿ ಬಂದು ಕೂತಿದ್ದಳು. ಅತ್ತೆ ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದವರು ಕೈ ನಿಲ್ಲಿಸಿದರು. ಅತ್ತೆಯ ತವರು ಆಂಧ್ರದ ಗಡಿ, ಗಾಬರಿಯಾದರೆ ತೆಲುಗು ನುಗ್ಗುತ್ತದೆ.

"ಒದ್ದಮ್ಮಾ, ಒದ್ದು! ಬೇಡ ಅಂದೆ! ಮನೆ ಒಳಗೆ ಎಡಕ್ಕೆ ಸುತ್ತಬಾರ್ದು ಕಣಮ್ಮ. ಅಪ್ರದಕ್ಷಿಣೆ. ಅದಕ್ಕೇ ನಿನಗೆ ಬರ್ತಿಲ್ಲ."

ನನಗೂ ಒಳಗೊಳಗೆ ಅದೇ ಅನುಮಾನ. ಗೆಳತಿ ಚಹಾದ ಲೋಟ ಕೆಳಗಿಟ್ಟಳು.

"ಅಮ್ಮಾ, ನಮ್ಮ ಅಮ್ಮಿ ಹಜ್‌ಗೆ ಹೋಗಿದ್ರಲ್ಲ, ಅಲ್ಲಿ ಕಾಬಾ ಸುತ್ತ ಏಳು ಸುತ್ತು ಹಾಕ್ತಾರೆ. ಎಡಗಡೆಗೇ. ಎಡ ಭುಜ ಕಾಬಾ ಕಡೆಗೇ ಇರ್ಬೇಕು. ಬಲಕ್ಕೆ ಸುತ್ತಿದ್ರೆ ಅದು ಲೆಕ್ಕಕ್ಕೇ ಇಲ್ಲ."

ಅತ್ತೆ ಸೊಪ್ಪಿನ ಕಡ್ಡಿಯನ್ನು ಅವಳ ಕಡೆಗೆ ತೋರಿಸಿ ಕೇಳಿದರು.

"ಎಲ್ರೂನಾ?"

"ಎಲ್ರೂ. ಲಕ್ಷಾಂತರ ಜನ."

"ಒಬ್ರಿಗೂ ಏನೂ ಆಗಲ್ವಾ?"

"ಅರೆ, ಪುಣ್ಯ ಬರತ್ತಮ್ಮಾ! ಅಮ್ಮಿ ಕಾಲುನೋವು ಒಂದು ಬಿಟ್ರೆ ಇನ್ನೇನೂ ಬಂದಿಲ್ಲ."

"ಕಾಲುನೋವು ನಮಗೆ ಬಲಕ್ಕೆ ಸುತ್ತಿದ್ರೂ ಬರತ್ತೆ" ಎಂದು ಅತ್ತೆ ಮತ್ತೆ ಸೊಪ್ಪಿಗೆ ಕೈ ಹಾಕಿದರು. ಒಂದು ಕಡ್ಡಿ ಪಕ್ಕಕ್ಕೆಸೆದು, "ಇವಳು ಬಲಕ್ಕೊಂದು ಹಾಕಿ ಎಡಕ್ಕೊಂದು ಹಾಕ್ತಾಳಲ್ಲ. ಅಂದ್ರೆ ಇಬ್ರು ದೇವರಿಗೂ ಆಯ್ತು. ಹಾಕ್ಕೋ ಹೋಗು" ಅಂದರು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಗೆಳತಿ ಎಡದ ವೃತ್ತದ ನಡುವೆ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಕಾಲು ನೋಡ್ಬೇಡಿ, ನನ್ನನ್ನ ನೋಡಿ. ಎಡ ಭುಜ ನನ್ನ ಕಡೆಗೆ. ಸುಮ್ನೆ ಮಾತಾಡ್ತಾ ಬನ್ನಿ." ನಾನು ತಳ್ಳಿದೆ. "ಮುರುಗಮಲ್ಲಕ್ಕೆ ಹೋಗಿದ್ರಲ್ಲ, ಬಸ್ಸಲ್ಲಿ ಸೀಟು ಸಿಗ್ತಾ?" ಎಂದು ಅವಳೇ ಕೇಳಿದಳು. "ಎಲ್ಲಿ ಸಿಗತ್ತೆ, ಚಿಂತಾಮಣಿವರೆಗೂ ನಿಂತೇ ಹೋದ್ವಿ..." "ಬರ್ತಾ?" "ಬರ್ತಾ ಒಬ್ಳು ಅಜ್ಜಿ ನನ್ ತೊಡೆ ಮೇಲೆ ಕೋಳಿ ಇಟ್ಟು..." ಎನ್ನುವುದರಲ್ಲಿ ನಾನು ನಡುವಿಗೆ ಬಂದು ನಿಂತಿದ್ದೆ. ಕಾಲು ತಾಕಿರಲಿಲ್ಲ. ಕೋಳಿಯ ಕಥೆ ಮುಗಿಸಲು ಇನ್ನೊಂದು ಸುತ್ತು ಬೇಕಾಯಿತು, ಅದನ್ನೂ ಹಾಕಿದೆ. ಆಮೇಲೆ ಎರಡು ತಿಂಗಳ ಕೊನೆಯವರೆಗೂ ನಮ್ಮ ಬೀದಿಯ ಸಮಾಚಾರವೆಲ್ಲ ಎಡದ ವೃತ್ತದಲ್ಲೇ ಮುಗಿಯಿತು.

ಪರೀಕ್ಷೆ ಚಿಕ್ಕಬಳ್ಳಾಪುರದಲ್ಲಿ. ಗೆಳತಿ, ಅತ್ತೆ, ಮಗಳು ಮೂವರೂ ಬಂದರು. ಮಗಳು ದಾರಿಯುದ್ದಕ್ಕೂ, "ಅಮ್ಮಾ, ಅಲ್ಲಿ ನನ್ ಫ್ರೆಂಡ್ಸ್ ಇರ್ತಾರೆ. ನೀನು ಯಾರೋ ನಾನು ಯಾರೋ" ಎನ್ನುತ್ತಿದ್ದಳು. ಸಾಲಿನಲ್ಲಿ ನನ್ನ ಮುಂದೆ ಎಂಟು ವರ್ಷದ ಹುಡುಗಿ, ಹಿಂದೆ ಏಳು ವರ್ಷದವಳು. ಹಿಂದಿನವಳು ನನ್ನ ಚೂಡಿದಾರ ಎಳೆದು, "ಆಂಟಿ, ಭಯ ಆಗ್ತಿದ್ರೆ ಜೋರಾಗಿ ಉಸಿರು ತಗೊಳ್ಳಿ, ನಮ್ಮಿಸ್ಸು ಹೇಳ್ಕೊಟ್ಟವ್ರೆ" ಎಂದಳು. ಪರೀಕ್ಷಕರು ಅರವತ್ತು ದಾಟಿದವರು, ತಲೆಗೆ ಟೋಪಿ. ಗೆರೆಯ ಪಕ್ಕ ಮಂಡಿಯೂರಿ ನೆಲಕ್ಕೆ ಕಣ್ಣಿಟ್ಟು ನೋಡುವವರು.

ನನ್ನ ಸರದಿ ಬಂತು. ಬಲದ ಸುತ್ತು ಬೆಣ್ಣೆಯ ಹಾಗೆ ಹೋಯಿತು. ನಡುವೆ ಕಾಲು ಬದಲಿಸಿ ಎಡಕ್ಕೆ ನೋಡಿದೆ. ವೃತ್ತದ ನಡುವೆ ಯಾರೂ ಇಲ್ಲ! ಖಾಲಿ ಸಿಮೆಂಟು. ಕಣ್ಣು ನೇರ ಕಾಲಿಗೆ ಬಿತ್ತು. ಟಪ್.

"ಇನ್ನೊಂದು ಸಲ ಮಾಡಿ, ಮೇಡಂ" ಎಂದರು ಪರೀಕ್ಷಕರು ಮೃದುವಾಗಿ.

ಗೆಳತಿ ಹೊರಗಿನ ಕಟ್ಟೆಯ ಮೇಲೆ ಕೂತು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅಷ್ಟು ಸುಮ್ಮನೆ ಇದ್ದ ಅವಳನ್ನು ನಾನು ಎಂದೂ ಕಂಡಿರಲಿಲ್ಲ. ಇವಳನ್ನು ಮನೆಯಲ್ಲಿ ಕೂರಿಸುವವಳು ನಾನೇ ಆಗುತ್ತೇನಲ್ಲ ಅನ್ನಿಸಿತು.

ಮತ್ತೆ ತಳ್ಳಿದೆ. ಬಲದ್ದು ಮುಗಿಯಿತು. ಕಾಲು ಬದಲಿಸಿದೆ. ಖಾಲಿ ಜಾಗದ ನಡುವೆ ಕಣ್ಣು ನೆಟ್ಟು, ನನಗೇ ಗೊತ್ತಿಲ್ಲದೆ ಬಾಯಿ ತೆರೆದೆ. "ಬೆಳಿಗ್ಗೆ ಏನ್ ತಿಂಡಿ ಮಾಡಿದ್ದೆ ಗೊತ್ತೇನೇ? ಉಪ್ಪಿಟ್ಟು. ಉಪ್ಪು ಹಾಕೋದೇ ಮರ್ತಿದ್ದೆ. ನಮ್ಮನೆಯವರು ತುಟಿಪಿಟಕ್ ಅನ್ನದೆ ತಿಂದ್ರು. ಇವತ್ತು ಪರೀಕ್ಷೆ ಅಂತ ಹೆದ್ರಿಕೆ ಅವರಿಗೆ. ಅತ್ತೆ ಮಾತ್ರ..." ಅರ್ಧ ದಾಟಿತು. ಎಡಗಾಲು ನಡುಗಿತು. "ಅತ್ತೆ ಮಾತ್ರ ಉಪ್ಪಿನಕಾಯಿ ಜಾಡಿ ತಂದು ಮಧ್ಯದಲ್ಲಿ ಇಟ್ಟು..." ಗಾಲಿ ಗೆರೆಯಿಂದ ಒಂದು ಗೇಣು ಹೊರಗೆ ಹೋಗಿ ಮತ್ತೆ ಒಳಗೆ ಬಂತು. "ಎಲ್ರೂ ನೆಂಚ್ಕೊಳ್ಳಿ ಅಂದ್ರು!" ನಡು ಗೆರೆ ಮುಟ್ಟಿದೆ.

ಪರೀಕ್ಷಕರು ಮಂಡಿ ಹಿಡಿದು ಎದ್ದರು.

"ಯಾರ ಹತ್ರ ಮಾತಾಡ್ತಿದ್ರಿ?"

"ಸಾರ್... ಮಾತಾಡಬಾರ್ದು ಅಂತ ರೂಲ್ಸ್ ಇದೆಯಾ?"

ಅವರು ಕೈಲಿದ್ದ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು. "ಯಾರಾದ್ರೂ ಮಾತಾಡ್ತಾರೆ ಅಂತ ರೂಲ್ಸ್ ಬರೆದೋರಿಗೆ ಗೊತ್ತಿರಲಿಲ್ಲ ಅನ್ಸತ್ತೆ" ಎಂದು ಏನೋ ಗೀಚಿದರು. "ಗೆರೆ ಬಿಟ್ಟು ಹೋಗಿದ್ದೀರಿ, ಅಲ್ಲಿ ಕಮ್ಮಿಯಾಯ್ತು. ಕಾಲು ತಾಕಿಲ್ಲ. ಪಾಸು."

ನನ್ನನ್ನು ಕಂಡೇ ಇಲ್ಲವೆಂದು ನಟಿಸುತ್ತಿದ್ದ ಮಗಳು ಚಪ್ಪಲಿ ಸಮೇತ ಅಂಗಳಕ್ಕೆ ನುಗ್ಗಿ ಅಪ್ಪಿಕೊಂಡಳು, ಇಬ್ಬರೂ ಬಿದ್ದೆವು. ಗೆಳತಿ ಕಟ್ಟೆಯ ಮೇಲೆ ಎದ್ದು ನಿಂತು ಅಳುತ್ತಾ ಬೈಯುತ್ತಿದ್ದಳು: "ಉಪ್ಪಿಟ್ಟಿನ ವಿಷ್ಯ ನನಗೆ ಮೊದ್ಲು ಹೇಳ್ಬೇಕಲ್ವಾ ಅಕ್ಕಾ!"

ಸೋಮವಾರ ಹೆಡ್‌ಮಾಸ್ಟರು ಸರ್ಟಿಫಿಕೇಟನ್ನು ಎರಡು ಸಲ ಓದಿ, ಡ್ರಾಯರಿನಿಂದ ಕೀಲಿ ತೆಗೆದು ನನ್ನ ಕೈಗಿಟ್ಟರು. ಈಗ ವಾರಕ್ಕೆ ಮೂರು ದಿನ ಬೆಳಿಗ್ಗೆ ಆರರಿಂದ ಏಳು ನಮ್ಮದು. ಐವರಿದ್ದವರು ಹನ್ನೆರಡಾಗಿದ್ದೇವೆ, ದಿಬ್ಬೂರಹಳ್ಳಿಯಿಂದ ಸ್ಕೂಟಿಯಲ್ಲಿ ಇಬ್ಬರು ಬರುತ್ತಾರೆ. ನನ್ನ ಪಾಡೇನೆಂದರೆ, ಪಾಸಾದ ಮೇಲೆ ಒಂದು ಸುತ್ತನ್ನೂ ನೆಟ್ಟಗೆ ಹಾಕಿಲ್ಲ. ಬಲಗೈಗೆ ಒಬ್ಬಳು, ಎಡಗೈಗೆ ಒಬ್ಬಳು ಜೋತುಬಿದ್ದಿರುತ್ತಾರೆ. ಗೆಳತಿ ಮಾತ್ರ ನಮ್ಮನ್ನೆಲ್ಲ ಸುತ್ತುವರಿದು, ದುಪಟ್ಟಾ ಹಾರಿಸಿಕೊಂಡು, ಕಿಚಾಯಿಸುತ್ತಾ ಹೋಗುತ್ತಿರುತ್ತಾಳೆ.

ಹೋದ ಬುಧವಾರ ಬಾಗಿಲು ತಟ್ಟಿದ ಸದ್ದಾಯಿತು. ಗೆಳತಿ ಒಳಗಿನಿಂದಲೇ ಕೂಗಿದಳು: "ಯಾರದು? ಈ ಹೊತ್ತಲ್ಲಿ ಗಂಡಸರು ಬರಂಗಿಲ್ಲ!"

"ನಾನಮ್ಮಾ, ಹೆಡ್‌ಮಾಸ್ಟರು. ನಮ್ಮನೆಯವರು ಅಲ್ಲೇನಾದ್ರೂ ಇದ್ದಾರಾ ಅಂತ..."

ನನ್ನ ಎಡಗೈಯನ್ನು ಉಡದ ಹಾಗೆ ಹಿಡಿದಿದ್ದವರು ಮಂಡಿಯ ಪ್ಯಾಡು ಸರಿಮಾಡಿಕೊಳ್ಳುತ್ತಾ ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು:

"ಇನ್ನೂ ಕಾಲು ಗಂಟೆ ಇದೆ ರೀ! ಕಾಫಿ ನೀವೇ ಬೆರೆಸ್ಕೊಳ್ಳಿ!"