ನಿಂಬೆವ್ವನ ಗಂಟಲು

ಅತನೂರಿನ ನಿಂಬೆವ್ವನ ಗಂಟಲು ಒಂದು ಕಾಲಕ್ಕೆ ಮೂರು ಹೊಲ ಕಾಯುತ್ತಿತ್ತು. ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಹಕ್ಕಿ ಕಾಯಲು ರೈತರು ಮೊದಲು ಅವಳನ್ನೇ ಕರೆಯುತ್ತಿದ್ದರು. ಅವಳು ಒಮ್ಮೆ ಕೂಗಿದರೆ ಹಕ್ಕಿಗಳು ಹಾರಿಹೋಗುವುದಷ್ಟೇ ಅಲ್ಲ, ಬದುವಿನ ಮೇಲೆ ಕಣ್ಣು ಮುಚ್ಚಿದ್ದ ಆಳುಗಳೂ ಎದ್ದು ಕೂರುತ್ತಿದ್ದರು. ಮೂವತ್ತು ವರ್ಷ ಹೀಗೆ ಕೂಗಿದವಳು ಎಂಟು ವರ್ಷದ ಹಿಂದೆ ಕಣ್ಣು ಕಳೆದುಕೊಂಡಳು. ಗಂಟಲಿಗೆ ಏನೂ ಆಗಿರಲಿಲ್ಲ, ಆದರೂ ಮಂದಿ ಕರೆಯುವುದನ್ನು ಬಿಟ್ಟರು. ಅಪರೂಪಕ್ಕೆ ಯಾರದಾದರೂ ಮದುವೆಗೋ ಬಸುರಿಯ ಕುಬಸಕ್ಕೋ ಹೋದರೆ, "ನೀ ಇಲ್ಲೇ ಕೂಡಬೇ, ಎಲ್ಲೆರ ಎಡವಿ ಬಿದ್ದೀ" ಎಂದು ಮೂಲೆಗೆ ಕೂರಿಸುವವರೇ ಎಲ್ಲ. ಮೂಲೆಯಲ್ಲಿ ಕೂತು ಕೂತು ಅವಳಿಗೆ ರೋಸಿಹೋಗಿತ್ತು.

ಹೀಗಿರುವಾಗ ಶ್ರೀರಂಗ ಅವರ ಕರೆ ಬಂತು. ಅವರು ಅಫಜಲಪುರದ ನಿವೃತ್ತ ಎಂಜಿನಿಯರ್. ನಡೆಯಲಾಗದವರು, ಕಾಣದವರು ಕೂಡ ಹಕ್ಕಿ ನೋಡುವ ಸುಖ ಉಣ್ಣಲಿ ಎಂದು ಒಂದು ಬಳಗ ಕಟ್ಟಿಕೊಂಡಿದ್ದರು. ಮನುಷ್ಯ ಬಹಳ ಶ್ರದ್ಧೆಯವರು. ಅತನೂರಿನ ದತ್ತಪ್ಪನ ಜೋಳದ ಹೊಲದ ಪಕ್ಕ ಗಾಲಿಕುರ್ಚಿಗಳು ಸಲೀಸಾಗಿ ಉರುಳಲೆಂದು ಕಲ್ಲು ಆರಿಸಿ, ಗರಸು ಮಣ್ಣು ಹಾಕಿಸಿ, ಇಳಿಜಾರನ್ನು ಟೇಪು ಹಿಡಿದು ಅಳೆದು ಹಾದಿ ಮಾಡಿಸಿದ್ದರು. ಈಗ ದನಿ ಕೇಳಿಯೇ ಹಕ್ಕಿಯ ಗುರುತು ಹೇಳುವವರು ಬೇಕಾಗಿದ್ದರು. ಬಳಗದಲ್ಲಿ ಭುವನೇಶ್ವರಿ ಎಂಬವಳಿದ್ದಳು, ಗಾಲಿಕುರ್ಚಿಯಲ್ಲಿ ಕೂತೇ ಅರ್ಧ ಅಫಜಲಪುರಕ್ಕೆ ಜಂಪರು ಹೊಲಿದುಕೊಡುವವಳು. ಅವಳು ನಿಂಬೆವ್ವನ ಹೆಸರು ಹೇಳಿದಳು. ಒಂದು ಭಾನುವಾರ ಬಂದು ನೋಡಲಿ, ಸರಿಯೆನಿಸಿದರೆ ಚಳಿಗಾಲ ಪೂರ್ತಿ ಅವಳೇ ಇರಲಿ ಎಂದರು ಶ್ರೀರಂಗ.

ಆ ವಾರವೆಲ್ಲ ನಿಂಬೆವ್ವನನ್ನು ಹಿಡಿಯುವವರಿರಲಿಲ್ಲ. ಎಂಟು ವರ್ಷದ ಮೇಲೆ ಯಾರೋ ಅವಳನ್ನು ಕೆಲಸಕ್ಕೆ ಕರೆದಿದ್ದರು! ಭಾನುವಾರಕ್ಕೆಂದು ಪೆಟ್ಟಿಗೆಯಿಂದ ಕೆಂಪು ಇಳಕಲ್ ಸೀರೆ ತೆಗೆದಿಟ್ಟಳು. ಕೆಂಪು ಕಂಡರೆ ಹಕ್ಕಿ ಹೆದರುತ್ತವೆ ಎಂದು ಭುವನೇಶ್ವರಿ ಹೇಳಿದರೆ, "ಹೆದರ್ಲಿ ಬಿಡವ್ವಾ, ನನ್ನ ಕಂಡು ಹೆದರೂದು ಅವಕ್ಕ ರೂಢಿ ಐತಿ" ಎಂದಳು.

ಭಾನುವಾರ ಬೆಳಿಗ್ಗೆ ಹನ್ನೊಂದು ಮಂದಿ ಹೊಲದ ಪಕ್ಕ ಸೇರಿದರು. ಶ್ರೀರಂಗ ನಿಯಮ ಹೇಳಿದರು: "ಮಾತಾಡಬ್ಯಾಡ್ರಿ, ಕೈ ಬೀಸಬ್ಯಾಡ್ರಿ, ಏನ ಆದ್ರೂ ಹಕ್ಕಿ ಎಬ್ಬಿಸಬ್ಯಾಡ್ರಿ." ನಿಂಬೆವ್ವ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದಳು. ಆಮೇಲೆ ಪಿಸುದನಿಯಲ್ಲಿ ಶುರು ಮಾಡಿದಳು. "ಎಡಕ್ಕ ಬೆಳವ. ಬದುವಿನ ಕಡೆ ಕೌಜುಗ, ಎರಡ ಅದಾವ. ಅತ್ಲಾಗ ಗೀಜಗ ಜಗಳಾಡಾಕತ್ತಾವ." ಶ್ರೀರಂಗ ದುರ್ಬೀನು ತಿರುಗಿಸಿ ನೋಡಿದರೆ ಒಂದೂ ತಪ್ಪಿರಲಿಲ್ಲ. "ಭಾಳ ಛಲೋ ನಿಂಬೆವ್ವಾ!" ಎಂದು ನಿಯಮ ಮಾಡಿದವರೇ ಮಾತಾಡಿಬಿಟ್ಟರು. ನಿಂಬೆವ್ವ ಸೆರಗು ಸರಿಮಾಡಿಕೊಂಡಳು.

ಅಷ್ಟರಲ್ಲಿ ಮೇಲಿನಿಂದ ಸರ್ರೆಂದು ಸದ್ದು ಬಂತು. ಗುಲಾಬಿ ಮೈನಾಗಳ ದೊಡ್ಡದೊಂದು ಹಿಂಡು ಜೋಳದ ತೆನೆಗಳ ಮೇಲೆ ಇಳಿಯಿತು. ಚಳಿಗಾಲಕ್ಕೆ ದೂರದೇಶದಿಂದ ಬರುವ ಈ ಅತಿಥಿಗಳಿಗಾಗಿ ಶ್ರೀರಂಗ ನಾಲ್ಕು ಭಾನುವಾರ ಕಾದಿದ್ದರು. ಅವರು ದುರ್ಬೀನು ಎತ್ತಿದರು. ಆದರೆ ನಿಂಬೆವ್ವನ ಕಿವಿಗೆ ಬಿದ್ದದ್ದು ಅತಿಥಿಗಳ ದನಿಯಲ್ಲ, ಹಾಲುಗಾಳು ಕುಕ್ಕುವ ಕಳ್ಳರ ದನಿ. ತಲೆ ಬೇಡವೆನ್ನುವ ಮೊದಲೇ ಕಾಲು ಎದ್ದು ನಿಂತಿದ್ದವು.

"ಹೋಯ್! ಹಾರ್ರಲೇ! ನಿಮ್ಮ ಬಾಯಾಗ ಮಣ್ಣ ಹಾಕ!"

ಸಾಲದ್ದಕ್ಕೆ ಒಂದು ಮಣ್ಣಿನ ಹೆಂಟೆ ತೆಗೆದು ಬೀಸಿ ಒಗೆದಳು. ಅದು ಹಾದಿಯ ಪಕ್ಕ ನಿಲ್ಲಿಸಿದ್ದ ಶ್ರೀರಂಗರ ಜೀಪಿಗೆ ಢಣ್ಣೆಂದು ಬಡಿಯಿತು. ಹಿಂಡಿಗೆ ಹಿಂಡೇ ಎದ್ದು, ಬಳಗದ ತಲೆಯ ಮೇಲೊಂದು ಸುತ್ತು ಹೊಡೆದು, ಭೀಮಾ ನದಿಯ ಕಡೆ ಹೊರಟುಹೋಯಿತು. ದೂರದಿಂದ ಹೊಲದ ಮಾಲೀಕ ದತ್ತಪ್ಪ "ಶಾಬಾಸ್ ನಿಂಬೆವ್ವಾ!" ಎಂದು ಕೂಗಿದ.

"ಏನ ಮಾಡಿದ್ರಿ ಇದು!" ಎಂದರು ಶ್ರೀರಂಗ. "ಇನ್ನ ಮುಂದ ನಿಮ್ಮನ್ನ ಕರಕೊಂಡು ಬರೂದು ಆಗೂದಿಲ್ಲ."

ನಿಂಬೆವ್ವನ ಮುಖ ಸಣ್ಣದಾಯಿತು. "ತಪ್ಪಾತ್ರಿ. ಬಾಯಿ ನಂದ ಖರೇ, ಆದ್ರ ಹೊಲಕ್ಕ ಬಂದ್ರ ನನ್ನ ಮಾತ ಕೇಳಂಗಿಲ್ಲ ಅದು" ಎಂದು ಕೋಲು ತಡಕಿದಳು. ಮತ್ತೆ ಆ ಮೂಲೆಯೇ ಗತಿ ಎಂದುಕೊಂಡು ಹೊರಡಲು ತಿರುಗಿದಳು.

"ನಿಲ್ಲು ಆಯಿ" ಎಂದಳು ಭುವನೇಶ್ವರಿ. "ಸರ, ಒಂದ ಮಾತ ಹೇಳ್ಲೇನ್ರಿ? ನಾ ಇವತ್ತ ಹಕ್ಕಿ ನೋಡಿದೆ."

"ಪ್ರತಿ ವಾರ ನೋಡ್ತಿಯಲ್ಲವ್ವಾ?"

"ಎಲ್ಲೀದ್ರಿ? ನಿಂತವ್ರ ಎದೀಮಟ್ಟ ಜ್ವಾಳ, ನಾ ಕೂತಾಕಿ. ನಾಕ ಆಯಿತವಾರ ಬರೇ ದಂಟ ನೋಡಿ ಮನಿಗಿ ಹೋಗೇನಿ. ಇವತ್ತ ನನ್ನ ತಲಿ ಮ್ಯಾಲಿಂದ ಹೋದ್ವು ನೋಡ್ರಿ, ಹೊಟ್ಟಿ ಗುಲಾಬಿ, ರೆಕ್ಕಿ ಕರ್ರಗ!"

"ನಂದೂ ಅದೇ ಹಾಲತ್ ರೀ" ಎಂದ ಪಕ್ಕದ ಗಾಲಿಕುರ್ಚಿಯ ರಾಜೇಸಾಬ.

"ಮೊದಲ ಹೇಳಬಾರದಿತ್ತೇನು?" ಎಂದರು ಶ್ರೀರಂಗ.

"ಇಷ್ಟ ತ್ರಾಸ ತಗೊಂಡು ಹಾದಿ ಮಾಡಿಸೀರಿ. ಕಾಣಂಗಿಲ್ಲಂತ ಯಾವ ಬಾಯಿಲೆ ಹೇಳೂದ್ರಿ?" ಎಂದಳು ಭುವನೇಶ್ವರಿ.

ನಿಂಬೆವ್ವ ಕೋಲು ಹಿಡಿದು ನಿಂತಲ್ಲೇ ಮಾತು ಬಂದ ಕಡೆ ತಿರುಗಿದಳು. "ಅಯ್ಯ ಶಿವನ! ಇಷ್ಟೊತ್ತನ ಇಲ್ಲಿ ಕಾಣದಾಕಿ ನಾ ಒಬ್ಬಾಕೀನ ಅಂತ ತಿಳಕೊಂಡಿದ್ದೆ."

ಶ್ರೀರಂಗ ಮೊಣಕಾಲು ಹಿಡಿದುಕೊಂಡು, ನರಳುತ್ತ, ಭುವನೇಶ್ವರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಳ ಕಣ್ಣಿನ ಮಟ್ಟದಿಂದ ಹೊಲ ನೋಡಿದರು. ದಂಟು, ಒಣಗಿದ ಎಲೆಯ ರವುದಿ, ಒಂದು ಕಟ್ಟಿರುವೆ. ದುರ್ಬೀನು ಹಿಡಿದು ನೋಡಿದರು, ಅದೇ ದಂಟು ಇನ್ನಷ್ಟು ದೊಡ್ಡದಾಗಿ ಕಂಡಿತು. ಹಾದಿಯ ಒಂದೊಂದು ಅಡಿ ಅಳೆದಿದ್ದ ಮನುಷ್ಯ ಈ ಎತ್ತರವನ್ನು ಅಳೆದಿರಲಿಲ್ಲ.

ಆಮೇಲೆ ಎದ್ದು ನಿಂಬೆವ್ವನ ಹತ್ತಿರ ಬಂದರು. "ಸಿಟ್ಟಿನಾಗ ಅಂದೆ, ಮನಸಿಗಿ ಹಚ್ಕೋಬ್ಯಾಡ್ರಿ. ಮುಂದಿನ ಆಯಿತವಾರ ಬರ್ತೀರಲ್ಲ? ಎಲ್ಲಿ ಕೂಡೂಣು, ನೀವ ಹೇಳ್ರಿ."

"ಬರ್ತೇನ್ರಿ, ಬಾಯಾಗ ಸೆರಗ ತುರುಕ್ಕೊಂಡಾರ ಬರ್ತೇನಿ" ಎಂದಳು ನಿಂಬೆವ್ವ. "ಆದ್ರ ಅದನ್ನ ನನಗ ಯಾಕ ಕೇಳ್ತೀರಿ? ಕೂತವರನ್ನ ಕೇಳ್ರಿ."