ಊಟಕ್ಕೆ ಬರುವ ಅಭಿಮಾನಿಗಳು

ಪರದೇಶದಲ್ಲಿ ನಾವಿರುವ ಗ್ಲೆನ್ ವೇವರ್ಲಿಯಲ್ಲಿ ನನಗೆ ಕಟಿಂಗ್ ಮಾಡುತ್ತಿದ್ದವರು ಸಾಲ್ವೋ ಎಂಬ ಇಟಲಿಯ ಹಿರಿಯರು. ನಮ್ಮ ಕನ್ನಡ ಕೂಟದ ರಾಜ್ಯೋತ್ಸವ ಸಂಚಿಕೆಗೆ ಅವರಿಂದ ಒಂದು ಜಾಹೀರಾತು ಬೇಕಿತ್ತು.

"ಎಷ್ಟು ಜನ ಇದ್ದೀರಿ?" ಎಂದು ಕೇಳಿದರು.

"ಐನೂರು," ಎಂದೆ. ಸದಸ್ಯರು ನೂರಿಪ್ಪತ್ತು. ಮಿಕ್ಕವರು ಬಿಸಿಬೇಳೆಬಾತ್ ಬಡಿಸುವ ಹೊತ್ತಿಗೆ ಸರಿಯಾಗಿ ಬರುವವರು. ಅವರನ್ನು ಸೇರಿಸದೆ ಯಾವ ಕಾರ್ಯದರ್ಶಿಯೂ ಜಾಹೀರಾತು ಕೇಳುವುದಿಲ್ಲ.

"ಎಲ್ಲರೂ ಚಂದಾ ಕಟ್ಟುತ್ತಾರಾ?"

ಕತ್ತರಿ ಕಿವಿಯ ಪಕ್ಕದಲ್ಲೇ ಇತ್ತು. ನಿಜ ಹೇಳಿಬಿಟ್ಟೆ.

ಸಾಲ್ವೋ ಕತ್ತರಿ ಕೆಳಗಿಟ್ಟರು. "ನಮ್ಮೂರ ಫುಟ್‌ಬಾಲ್ ಕ್ಲಬ್ ಬಡವಾಗಿರೋದೇ ಇಂಥ ತಲೆಲೆಕ್ಕದಿಂದ. ಮ್ಯಾಚಿಗೆ ಊರಿಗೆ ಊರೇ ಬರುತ್ತೆ, ಆದರೆ ಊರೇ ಚಿಕ್ಕದು. ದೊಡ್ಡ ಕ್ಲಬ್ಬಿಗೆ ಸ್ಟೇಡಿಯಂ ಕಣ್ಣಲ್ಲಿ ಕಾಣದವರೂ ಅಭಿಮಾನಿಗಳು. ಟಿವಿಯವರು, ಜೆರ್ಸಿ ಮೇಲೆ ಹೆಸರು ಹಾಕಿಸೋರು ಆ ತಲೆಗಳನ್ನ ನೋಡಿ ದುಡ್ಡು ಸುರೀತಾರೆ. ಅದೇ ದುಡ್ಡಲ್ಲಿ ಅವರು ನಮ್ಮ ಒಳ್ಳೇ ಆಟಗಾರರನ್ನ ಎತ್ತಾಕ್ಕೊಂಡು ಹೋಗ್ತಾರೆ. ನಿನ್ನ ಮಗ ಹಾಕ್ಕೊಂಡು ಬರ್ತಾನಲ್ಲ, ಆ ಜೆರ್ಸಿ ಯಾರದ್ದು?"

ದೊಡ್ಡ ಕ್ಲಬ್ಬಿನದೇ. ಮಗ ಒಂದು ಮ್ಯಾಚನ್ನೂ ಪೂರ್ತಿ ನೋಡಿದವನಲ್ಲ. ಬಣ್ಣ ಚೆನ್ನಾಗಿದೆಯೆಂದು ಕೊಡಿಸಿದ್ದೆ. ತಲೆ ತಗ್ಗಿಸಿದೆ. ಕಟಿಂಗಿಗೂ ಅದು ಅನುಕೂಲವಾಯಿತು.

ಕೊನೆಗೆ ಅರ್ಧ ಪುಟದ ಜಾಹೀರಾತು ಕೊಟ್ಟರು. ರಾಜ್ಯೋತ್ಸವದ ದಿನ ತಮ್ಮೂರ ಕ್ಲಬ್ಬಿನ ಮಾಸಿದ ಜೆರ್ಸಿ ತೊಟ್ಟು ಬಂದರು. ಭಾಷಣಗಳೆಲ್ಲ ಮುಗಿದು ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಬಂದು, ಎರಡು ಸಲ ಬಾತ್ ಹಾಕಿಸಿಕೊಂಡರು.

ಮರುವರ್ಷ ಪಕ್ಕದ ಬೇಕರಿಯವನು, ಎಷ್ಟು ಜನ ಇದ್ದೀರಿ ಎಂದು ಕೇಳಿದ. ಐನೂರ ಒಂದು ಎಂದೆ.