ಗೆರೆಯ ಈಚೆಗಿನ ಕೈಗಳು

ನಮ್ಮ ಹಿಸ್ಟರಿ ಮೇಡಂ ಅವರ ಕೈಗಳು ಬೆರಳ ತುದಿಯಿಂದ ಮೊಣಕೈವರೆಗೆ ಬೆಳ್ಳಗಿದ್ದವು. ಉಳಿದ ಮೈ ಅಚ್ಚ ಕಪ್ಪು. ಜನ ತೊನ್ನು ಎಂದು ಪಿಸುಗುಟ್ಟುತ್ತಿದ್ದರು, ಮೇಡಂ ಮುಚ್ಚುತ್ತಿರಲಿಲ್ಲ. ವರ್ಷವಿಡೀ ಗಿಡ್ಡ ತೋಳಿನ ಬ್ಲೌಸು. ಮಸ್ಕಿಯಿಂದ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರೂ ಕೂಡದಿದ್ದರೆ, ಅಲ್ಲಿ ತಮ್ಮ ಬುತ್ತಿಚೀಲ ಇಟ್ಟು ಆರಾಮಾಗಿ ಕೂಡುತ್ತಿದ್ದರು.

ಸಿಂಧನೂರಿನ ಕಾಲೇಜಿನಲ್ಲಿ ಗ್ರೀಕರ ಪಾಠ ಮಾಡುವಾಗ ಅವರು ಬೋರ್ಡಿನ ನಡುವೆ ಒಂದು ಗೆರೆ ಎಳೆಯುತ್ತಿದ್ದರು. ಈಚೆಗೆ ನಮ್ಮ ಕೈಯಲ್ಲಿರುವುದು, ಆಚೆಗೆ ಇಲ್ಲದ್ದು. ಗುಲಾಮನಾಗಿದ್ದ ಒಬ್ಬ ಕುಂಟ ಗ್ರೀಕ ಇಷ್ಟನ್ನೇ ಹಿಡಿದುಕೊಂಡು ನೆಮ್ಮದಿಯಿಂದ ಬದುಕಿದನಂತೆ. ಬಸ್ ತಪ್ಪಿತು, ಕಾಲುವೆಗೆ ನೀರು ಬರಲಿಲ್ಲ, ಯಾರೋ ಏನೋ ಅಂದರು ಎಂದು ನಾವು ಮುಖ ಊದಿಸಿಕೊಂಡು ಕೂತರೆ, "ಇದು ಯಾ ಕಡಿದು? ನೀನ ಬರಿ" ಎಂದು ಸೀಮೆಸುಣ್ಣ ಕೈಗೆ ಕೊಡುತ್ತಿದ್ದರು.

ನನಗಿದು ಹೇಡಿಗಳ ಪಾಠ ಎನಿಸುತ್ತಿತ್ತು. ಆ ವರ್ಷವೇ ನನ್ನ ಬಲಗೈ ಬೆರಳುಗಳಿಗೂ ಬಿಳಿ ಹತ್ತಿತ್ತು. ಅಕ್ಕ ಬಸುರಿ. ತವರಿನ ಬುತ್ತಿ ಒಯ್ದು ಅವಳಿಗೆ ಉಣಿಸುವ ದಿನ ನಾನು ಬರಬಾರದು, ಅನ್ನ ಮುಟ್ಟಬಾರದು ಎಂದು ಅವಳ ಅತ್ತೆ ಹೇಳಿ ಕಳಿಸಿದ್ದರು. ಅಂಟುವ ರೋಗವಲ್ಲ ಎಂದು ಡಾಕ್ಟರು ಹೇಳಿದ್ದು ಯಾರಿಗೆ ಬೇಕು!

"ಹಂಗಾದ್ರ ಸುಮ್ನ ಮನ್ಯಾಗ ಕೂಡ್ಲೇನ್ರಿ ಮೇಡಂ?" ಎಂದು ಅಳುತ್ತಲೇ ಜಗಳ ತೆಗೆದೆ.

"ಯಾರಂದ್ರು ಕೂಡು ಅಂತ?" ಮೇಡಂ ನನಗಿಂತ ಸಿಟ್ಟಾಗಿದ್ದರು. "ಅವರು ಮಾರಿ ಗಂಟು ಹಾಕ್ಕೊಂಡ್ರ ಅದು ಆಚಿ ಕಡಿದು. ಹೋಗಿ ನಿಮ್ಮಕ್ಕಗ ತುತ್ತು ಕೊಡೋದು ಈಚಿ ಕಡಿದು. ಉದ್ದ ತೋಳಿಂದು ಮಾತ್ರ ಹಾಕ್ಕೊಂಡು ಹೋಗಬ್ಯಾಡ."

ಹೋದೆ. ಸಾಲಗುಂದದ ಅಕ್ಕನ ಅತ್ತೆಮನೆಯ ಪಡಸಾಲೆಯಲ್ಲಿ ಹೆಂಗಸರ ಹಾಡು ನಿಂತೇಹೋಯಿತು. ಹೋಳಿಗೆ ಮುರಿದು ಅಕ್ಕನ ಬಾಯಿಗೆ ಹಿಡಿದೆ. ಅಕ್ಕ ಒಮ್ಮೆ ಅತ್ತೆಯನ್ನು ನೋಡಿದಳು, ಬಾಯಿ ತೆರೆದಳು. "ಇನ್ನೊಂದು ಕೊಡಬೇ" ಎಂದಳು. ಅತ್ತೆ ಎದ್ದು ಒಳಗೆ ಹೋದರು.

ಮರುದಿನ ಎಲ್ಲ ಹೇಳಿದೆ. "ನನಗೊಂದು ಹೋಳಿಗಿ ತರಲಿಲ್ಲಲ್ಲ ನೀ" ಎಂದಷ್ಟೇ ಅಂದು ಮೇಡಂ ಹಾಜರಿ ಕರೆದರು.

ಹೋದ ವರ್ಷ ಅವರು ತೀರಿಕೊಂಡರು. ಮಸ್ಕಿಯಲ್ಲಿ ತಮ್ಮನ ಮನೆಯ ಅಂಗಳದಲ್ಲಿ ಮಲಗಿಸಿದ್ದರು. ನೋಡಿದರೆ ಮಣಿಕಟ್ಟಿನವರೆಗೆ ತೋಳಿನ ಬ್ಲೌಸು, ಬೆರಳುಗಳ ಮೇಲೆ ಶಾಲು.

"ಮಂದಿ ಬರ್ತಾರವಾ, ಚಂದ ಕಾಣ್ಲಿ ಅಂತ ಹಾಕೀವಿ" ಎಂದರು ತಮ್ಮನ ಹೆಂಡತಿ.

ಮೈ ಉರಿದುಹೋಯಿತು. ಬದುಕಿದ್ದಾಗ ಒಂದು ದಿನವೂ ಮುಚ್ಚದ ಕೈಗಳನ್ನು ಬಾಯಿಲ್ಲದಾಗ ಮುಚ್ಚುತ್ತಾರಲ್ಲ! ಸಾವು ಆಚೆ ಕಡೆಯದು, ಒಪ್ಪಿದೆ. ಈ ತೋಳುಗಳು ಈಚೆಗಿನವು.

"ಅವರ ಕೈ ಚಂದಾನ ಅದಾವ್ರಿ" ಎಂದು ಶಾಲು ಸರಿಸಿದೆ. ಮೊಣಕಾಲೂರಿ ಕೂತು, ಎಲ್ಲರೂ ನೋಡುತ್ತಿದ್ದಂತೆ, ನನ್ನ ಬಿಳಿ ಬೆರಳುಗಳಿಂದ ಮೊದಲು ಬ್ಲೌಸಿನ ಬಲತೋಳನ್ನು, ಆಮೇಲೆ ಎಡತೋಳನ್ನು ಮೊಣಕೈ ದಾಟುವವರೆಗೆ ಮಡಚಿದೆ.